ದತ್ತು ಹೋದ ಊರಿನ ವರಸೆ

ನಮ್ಮ ಆಂಜಿನಪ್ಪನಿಗೆ ಶಾಲು ಎಂದರೆ ಪ್ರಾಣ. ಚಳಿಗಲ್ಲ, ಸನ್ಮಾನಕ್ಕೆ. ಯಾರ ಸಮಾರಂಭವಾದರೂ ಸರಿ, ವೇದಿಕೆಯ ಪಕ್ಕಕ್ಕೆ ಹೋಗಿ ಕತ್ತು ಒಂದಿಷ್ಟು ಬಗ್ಗಿಸಿಕೊಂಡು ನಿಂತಿರುತ್ತಿದ್ದ, ಹೊದಿಸುವವರಿಗೆ ತೊಂದರೆಯಾಗಬಾರದು ಎಂದು. ಹಿಂದೊಮ್ಮೆ ವಾರ್ಡಿನ ಚುನಾವಣೆಗೆ ನಿಂತು ಠೇವಣಿಯ ಜೊತೆಗೆ ಹೊಸ ಚಪ್ಪಲಿಯನ್ನೂ ಕಳೆದುಕೊಂಡು ಬಂದ. ಅಂದಿನಿಂದ ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಮಾಜಿ ಅಭ್ಯರ್ಥಿ’ ಎಂದು ಅಚ್ಚಾಗಿದೆ. ಮಾಜಿ ಮಂತ್ರಿ ಇರಬಹುದಾದರೆ ಮಾಜಿ ಅಭ್ಯರ್ಥಿ ಯಾಕಿರಬಾರದು ಎಂಬುದು ಅವನ ವಾದ. ನಿಮ್ಮ ಬಳಿ ಉತ್ತರವಿದ್ದರೆ ಕೊಡಿಗೇಹಳ್ಳಿಗೆ ಬಂದು ಅವನಿಗೇ ಹೇಳಿ.

ನಾನು ಚನ್ನಕೇಶವ. ಕೊಡಿಗೇಹಳ್ಳಿಯ ಹಳೇ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಮಿಷನ್ನಿನ ಗದ್ದಲದಲ್ಲಿ ಕೂಗಿ ಕೂಗಿ ನನಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಈ ಕಥೆಯನ್ನೂ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಂಜಿನಪ್ಪ ನಮ್ಮ ಗೋಡೆಯಾಚೆಯ ಮನೆಯವನು. ಹೆಂಡತಿ ಸೊಣ್ಣಮ್ಮ. ಒಬ್ಬಳೇ ಮಗಳು ಧನಲಕ್ಷ್ಮಿ, ಸಹಕಾರನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅಟ್ಟೂರಿನ ಗಿರಿ ಎಂಬ ಎ.ಸಿ. ಮೆಕ್ಯಾನಿಕ್ ಹುಡುಗನಿಗೂ ಅವಳಿಗೂ ಮದುವೆ ಗೊತ್ತಾಗಿತ್ತು. ಆ ವರ್ಷ ಲ್ಯಾಬಿನ ಎ.ಸಿ. ಮೇಲಿಂದ ಮೇಲೆ ಕೆಡುತ್ತಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಹಿರಿಯರು ತಾವೇ ನೋಡಿ ಕುದುರಿಸಿದ ಸಂಬಂಧ ಎಂದು ಎರಡೂ ಮನೆಯವರು ಹೇಳಿಕೊಂಡು ತಿರುಗಿದರು. ಎಲೆ ಅಡಿಕೆ ಬದಲಾಯಿಸಿಯೂ ಆಗಿತ್ತು, ಯಲಹಂಕದಲ್ಲಿ ಛತ್ರವೂ ಸಿಕ್ಕಿತ್ತು. ಅಷ್ಟರಲ್ಲಿ ನಮ್ಮೂರಿಗೆ ವಿಶ್ವವಿದ್ಯಾಲಯ ಬಂತು.

ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಇನ್ನೂ ಅರ್ಧ ಎದ್ದು ನಿಂತಿದ್ದ ಕಾಲ ಅದು. ವಿಶ್ವವಿದ್ಯಾಲಯದ ಹೆಸರು ಬೇಡ ಬಿಡಿ, ಅವರ ಹಾಸ್ಟೆಲ್ಲಿನ ಗೋಧಿ ನನ್ನ ಗಿರಣಿಗೇ ಬರುತ್ತದೆ. ಪರಿಸರ ರಕ್ಷಣೆಯಲ್ಲಿ, ಸಾಮಾಜಿಕ ಹೊಣೆಗಾರಿಕೆಯಲ್ಲಿ ನೀವು ಎಷ್ಟು ಮುಂದಿದ್ದೀರಿ ಎಂದು ನೋಡಿ ಅಂಕ ಕೊಡಲು ದೆಹಲಿಯಿಂದ ಒಂದು ಸಮಿತಿ ಬರುವುದಿತ್ತಂತೆ. ವಿಶ್ವವಿದ್ಯಾಲಯದವರು ದಡಬಡ ಹಸಿರಾದರು. ಗೇಟಿಗೆ ಹಸಿರು, ಕಸದ ಡಬ್ಬಿಗೆ ಹಸಿರು, ಸೆಕ್ಯುರಿಟಿಯವರ ಟೋಪಿಗೆ ಹಸಿರು. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಬಸ್ಸಿನಷ್ಟು ಉದ್ದದ ಪ್ಲಾಸ್ಟಿಕ್ ಬ್ಯಾನರ್ ಕಟ್ಟಿದರು. ಪರಿಸರದ ಕೆಲಸ ಅಲ್ಲಿಗೆ ಮುಗಿಯಿತು. ಹೊಣೆಗಾರಿಕೆ ಮಾತ್ರ ಬಾಕಿ ಉಳಿಯಿತು. ಅದಕ್ಕೆ ಬಣ್ಣ ಬಳಿಯಲು ಆಗುವುದಿಲ್ಲ, ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕು.

ಈ ಕೆಲಸ ವಹಿಸಿಕೊಂಡವರು ಯೋಗಾನಂದ ಎಂಬ ಪ್ರೊಫೆಸರು. ಒಳ್ಳೆಯ ಮನುಷ್ಯ, ಎದುರಿನವರ ಮಾತು ಅರ್ಧ ಕೇಳಿಸಿಕೊಂಡು ಪೂರ್ತಿ ತಲೆಯಾಡಿಸುವ ಅಭ್ಯಾಸ. ಒಂದು ದಿನ ನನ್ನ ಗಿರಣಿಗೆ ಬಂದು, “ಇಲ್ಲಿ ಗ್ರಾಮದ ಮುಖಂಡರು ಯಾರು?” ಎಂದು ಕೇಳಿದರು.

“ಗ್ರಾಮ ಎಲ್ಲಿದೆ ಸಾರ್? ನಾವು ಕಾರ್ಪೊರೇಷನ್ ಸೇರಿ ವರ್ಷಗಳಾಯ್ತಲ್ಲ” ಎಂದೆ.

“ಹೆಸರಲ್ಲಿ ಹಳ್ಳಿ ಇದ್ಯಲ್ಲ, ಸಾಕು. ನಿಜವಾದ ಹಳ್ಳಿ ಬಹಳ ದೂರ ಆಗುತ್ತೆ. ಸಮಿತಿಯವರು ವಾಪಸ್ ವಿಮಾನ ಹತ್ತೋಕೆ ಹೋಗೋವಾಗ ದಾರೀಲೇ ಸಿಗಬೇಕು.”

ರಾಗಿ ಡಬ್ಬ ಹಿಡಿದು ಸರದಿಯಲ್ಲಿದ್ದ ಆಂಜಿನಪ್ಪ ಡಬ್ಬ ಕೆಳಗಿಟ್ಟು, ಕೈಯ ಹಿಟ್ಟು ಒರೆಸಿಕೊಂಡು, ಕಾರ್ಡು ತೆಗೆದ. “ಹೇಳಿ ಸಾರ್. ನಾನೇ.”

ಮರುವಾರ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ದತ್ತು ಸಮಾರಂಭ. ನನ್ನನ್ನೂ ಎಳೆದುಕೊಂಡು ಹೋದ. ಯೋಗಾನಂದರು ಮೈಕಿನಲ್ಲಿ, “ಇಂದಿನಿಂದ ಕೊಡಿಗೇಹಳ್ಳಿ ಮತ್ತು ಅಟ್ಟೂರು ನಮ್ಮ ವಿಶ್ವವಿದ್ಯಾಲಯದ ದತ್ತು ಮಕ್ಕಳು” ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಅಟ್ಟೂರಿನ ಪರವಾಗಿ ಯಾರೂ ಬಂದಿರಲಿಲ್ಲ. ಆ ಊರಿಗೆಂದು ತಂದ ಶಾಲು ಹಾಗೇ ಮಿಕ್ಕಿದ್ದನ್ನು ನೋಡಿ ಆಂಜಿನಪ್ಪ, “ನಮ್ಮ ಬೀಗರ ಊರೇ ಸಾರ್ ಅದು” ಎಂದು ಮತ್ತೊಮ್ಮೆ ಕತ್ತು ಬಗ್ಗಿಸಿದ. ಎರಡು ಶಾಲು ಹೊದ್ದು ಸೆಕೆಯಲ್ಲಿ ಬೆವರುತ್ತಾ ಫೋಟೋಗೆ ನಿಂತ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಭಾವೀ ಬೀಗರ ಮುಂದೆ ಸ್ವಲ್ಪ ಮೆರೆಯಬೇಕು ಎಂದು ಅವನಿಗೆ ಆಸೆಯಾಯಿತು. ಕೊಡಿಗೇಹಳ್ಳಿಯಲ್ಲೊಂದು, ಅಟ್ಟೂರಿನಲ್ಲಿ ಸರಿಯಾಗಿ ಗಿರಿಯ ಮನೆ ಮುಂದೆ ಇನ್ನೊಂದು ಫ್ಲೆಕ್ಸ್ ಕಟ್ಟಿಸಿದ. ಎರಡು ಶಾಲಿನ ಆಂಜಿನಪ್ಪ ಕೈಮುಗಿದು ನಿಂತಿದ್ದಾನೆ. ತಲೆಯ ಮೇಲೆ ಅವನೇ ಕೂತು ಬರೆದ ವಾಕ್ಯ: ‘ದತ್ತು ಹೋದ ಕೊಡಿಗೇಹಳ್ಳಿ, ಅಟ್ಟೂರು. ನಾವಿನ್ನು ಒಂದೇ ಮನೆಯ ಮಕ್ಕಳು!’

ಗಿರಿಯ ಮನೆಯಲ್ಲಿ ಅವನ ಅಜ್ಜಿ ಅಕ್ಕಯ್ಯಮ್ಮನದೇ ದರ್ಬಾರು. ಅಕ್ಷರ ಬಾರದಿದ್ದರೂ ಅಟ್ಟೂರು, ಶೆಟ್ಟಿಹಳ್ಳಿ, ಕೊಡಿಗೇಹಳ್ಳಿ ಈ ಸುತ್ತಿನ ಎಲ್ಲ ಮನೆಗಳ ವರಸೆ ಆಕೆಯ ನಾಲಗೆಯ ತುದಿಯಲ್ಲಿತ್ತು. ವರಸೆ ಎಂದರೆ ಯಾರಿಗೆ ಯಾರು ಏನಾಗಬೇಕು ಎಂಬ ಲೆಕ್ಕ. ಯಾರು ಯಾರಿಗೆ ಹೆಣ್ಣು ಕೊಡಬಹುದು, ಯಾರು ಕೊಟ್ಟರೆ ಕೆಟ್ಟಿತು, ಎಲ್ಲಾ ಆಕೆ ಹೇಳಿದ್ದೇ ಕಡೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದ ಅಜ್ಜಿ ಮೊಮ್ಮಗನನ್ನು ಕರೆದು, “ನಿಮ್ಮ ಮಾವ ಯಾಕ್ಲಾ ಅಂಗೆ ಎಲ್ಡು ದುಪ್ಟಿ ಒದ್ಕಂಡು ನಿಂತವ್ನೆ? ಏನ್ ಬರ್ದೈತೆ ಓದು” ಎಂದಳು. ಗಿರಿ ಪಾಪದವನು, ಓದಿದ.

ಮಧ್ಯಾಹ್ನದ ಹೊತ್ತಿಗೆ ಅಕ್ಕಯ್ಯಮ್ಮ ಆಟೋದಲ್ಲಿ ಬಂದು ನನ್ನ ಗಿರಣಿಯ ಮುಂದೆ ಇಳಿದಳು, ಆಂಜಿನಪ್ಪನ ಮನೆಗೆ ಬೀಗ ಹಾಕಿತ್ತು. ಮಿಷನ್ ಓಡುತ್ತಿತ್ತು. ಆಕೆ ಏನೋ ಅಂದಳು, ನಾನು “ಗೋಧಿನಾ ರಾಗಿನಾ?” ಎಂದು ಕೂಗಿದೆ. ಆಕೆ ಮತ್ತೆ ಅಂದಳು, ನಾನು “ನುಣ್ಣಗಾ ತರಿನಾ?” ಎಂದೆ. ಆಕೆ ಸೀದಾ ಒಳಗೆ ಬಂದು ಸ್ವಿಚ್ಚು ಆರಿಸಿದಳು.

“ಮದ್ವೆ ನಿಂತೋಯ್ತು ಅಂದೆ ಕಣಪ್ಪ!”

ಗಿರಣಿಯಲ್ಲಿದ್ದವರೆಲ್ಲ ಡಬ್ಬ ಬಿಟ್ಟು ಹತ್ತಿರ ಬಂದರು. ಅಷ್ಟರಲ್ಲಿ ಆಂಜಿನಪ್ಪನೂ ಸೊಣ್ಣಮ್ಮನೂ ಮದುವೆ ಸೀರೆ ತೆಗೆದುಕೊಂಡು ಬಂದಿಳಿದರು, ಅದೂ ಒಂದು ಗ್ರಹಚಾರ. ಆಂಜಿನಪ್ಪ ನಗುನಗುತ್ತಾ, “ಏನಜ್ಜೀ, ಫ್ಲೆಕ್ಸ್ ನೋಡಿದ್ರಾ?” ಎಂದ.

“ನೋಡಿದ್ನಲ್ಲ. ದತ್ತು ಓದ್ರಂತೆ?”

“ಹೂಂ ಅಜ್ಜಿ. ನಾವೂ, ನೀವೂ. ವಿಶ್ವವಿದ್ಯಾಲಯಕ್ಕೆ.”

“ಒಂದೇ ಮನೆಗೆ?”

“ಒಂದೇ ಮನೆಗೆ!” ಎಂದ ಆಂಜಿನಪ್ಪ ಎದೆ ಉಬ್ಬಿಸಿ.

“ಅಂಗಾರೆ ನಿನ್ ಮಗ್ಳೂ ನಮ್ಮ ಗಿರೀನೂ ಅಣ್ಣ ತಂಗಿ ಆಗ್ಲಿಲ್ವೇನಲಾ?”

ಆಂಜಿನಪ್ಪನ ಎದೆ ಇಳಿಯಿತು. “ಅಜ್ಜೀ, ಅದು ಸುಮ್ನೆ ಫಾರ್ಮಾಲಿಟಿ.”

“ಫಾರ್ಮೋ ಗೀರ್ಮೋ ನಂಗೊತ್ತಿಲ್ಲ. ನಮ್ಮೆಜಮಾನ್ರ ತಮ್ಮನ್ಗೆ ಶೆಟ್ಟಿಹಳ್ಳಿ ಸೋದರಮಾವನ ಮಗ್ಳನ್ನ ತೊಟ್ಲಾಗೇ ಗೊತ್ ಮಾಡಿತ್ತು. ಆ ಮಾವನ್ಗೆ ಗಂಡು ದಿಕ್ಕಿಲ್ಲ ಅಂತ ಇವ್ನನ್ನೇ ದತ್ತು ತಗಂಡ. ಆಮ್ಯಾಕೇನಾಯ್ತು? ಆ ಎಣ್ಣು ತಂಗಿ ಆಗೋಯ್ತು! ಮದ್ವೆ ಮುರ್ದೋಯ್ತು. ದತ್ತು ಅಂದ್ರೆ ದತ್ತೇಯ. ವರಸೆ ಕೆಡ್ಸಿ ಮದ್ವೆ ಮಾಡಿದ್ರೆ ಮನೆದ್ಯಾವ್ರು ಮೆಚ್ಚಲ್ಲ.”

ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ಅಜ್ಜಿಯದು ಜಗಳವೇ ಅಲ್ಲ. ಕೈಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ಒಂದು ರವಿಕೆ ಕಣ, ಒಂದು ಡಜನ್ ಗಾಜಿನ ಬಳೆ ತೆಗೆದು ಸೊಣ್ಣಮ್ಮನ ಕೈಗಿಟ್ಟಳು. “ಧನಲಕ್ಷ್ಮೀಗೆ ಕೊಡು. ಚಿನ್ನದಂಥಾ ಮಗ. ಸೊಸೆ ಆಗ್ಬೇಕಿತ್ತು, ಮೊಮ್ಮಗ್ಳಾದ್ಲು. ಗೌರಿ ಹಬ್ಬಕ್ಕೆ ಕಳ್ಸು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಟೋ ಹತ್ತಿದಳು.

ಸೊಣ್ಣಮ್ಮ ಗಂಡನ ಕಡೆ ತಿರುಗಿ ಒಂದೇ ಮಾತು ಕೇಳಿದಳು. “ಅಟ್ಟೂರಿನ ಶಾಲು ನೀವ್ಯಾಕ್ರೀ ಹೊದ್ಕೊಂಡ್ರಿ?”

ಸುದ್ದಿ ಸಂಜೆಯೊಳಗೆ ಎರಡೂ ಊರು ಸುತ್ತಿತು. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಲೆಕ್ಕ ಹಾಕತೊಡಗಿದರು, ಯಾಕೆಂದರೆ ಅಟ್ಟೂರಿನಿಂದ ಹೆಣ್ಣು ತಂದವರು ಕೊಡಿಗೇಹಳ್ಳಿಯಲ್ಲಿ ಬೇಕಾದಷ್ಟು ಜನ. ಹಾಲಿನ ಬೂತಿನ ಸೊಣ್ಣಪ್ಪ ನನ್ನ ಕಿವಿಯಲ್ಲಿ, “ಗುರು, ಆಗೋಗಿರೋ ಮದ್ವೆಗಳ ಗತಿ ಏನು? ಹಳೇ ಡೇಟಿಂದ ಲಾಗೂ ಆಗುತ್ತಾ?” ಎಂದು ಕೇಳಿದ. ಅವನ ಮುಖದಲ್ಲಿ ಒಂದು ಆಸೆ ಇದ್ದ ಹಾಗಿತ್ತು. ಅವನ ಹೆಂಡತಿಯನ್ನು ನಾನು ಬಲ್ಲೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ನನ್ನ ಹೆಂಡತಿ ಕಲಾವತಿಯೂ ಅಟ್ಟೂರಿನವಳೇ. ನಾನು ಮನೆಗೆ ಹೋಗಿ ಕೈಕಾಲು ತೊಳೆದು ಕೂತರೆ ಅಡುಗೆಮನೆಯಿಂದ ಕೂಗು ಬಂತು: “ಅಣ್ಣಾ, ಕಾಫಿ ಮಾಡ್ಲಾ?” ಹಾಸ್ಯಕ್ಕೆ ಎಂದು ನಕ್ಕೆ. ರಾತ್ರಿ ಊಟಕ್ಕೂ ಅಣ್ಣಾ. ಮರುದಿನವೂ ಅಣ್ಣಾ. ನಾನು ಹೆಂಗಸರ ಮುಂದೆ ಆಂಜಿನಪ್ಪನ ಪರ ಮಾತಾಡಿದ್ದೇ ತಪ್ಪಾಯಿತಂತೆ. “ಧನೂ ಮದ್ವೆ ಆಗೋವರ್ಗೂ ನೀವು ನಂಗಣ್ಣನೇ. ನಿಮ್ ಫ್ರೆಂಡು ತಂದಿಟ್ಟಿದ್ದು, ನೀವೂ ಅನುಭವಿಸಿ” ಎಂದು ನನ್ನ ಹಾಸಿಗೆಯನ್ನು ಹಜಾರದಲ್ಲಿ ಹಾಸಿದಳು. ಅಲ್ಲಿಂದ ಮುಂದೆ ಈ ಮದುವೆಯ ಚಿಂತೆ ನನಗೂ ಹತ್ತಿತು ಎಂದು ಬೇರೆ ಹೇಳಬೇಕಾಗಿಲ್ಲ.

ನಾನೂ ಆಂಜಿನಪ್ಪನೂ ಯಲಹಂಕದ ವಕೀಲ ವೀರಬಸಪ್ಪನವರ ಬಳಿ ಹೋದೆವು. ಅವರು ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಕೇಳಿಸಿಕೊಂಡು, “ನೋಡಿ, ಸರಿಯಾಗಿ ಆದ ದತ್ತನ್ನ ಯಾರೂ ರದ್ದು ಮಾಡಕ್ಕಾಗಲ್ಲ” ಎಂದು ಶುರು ಮಾಡಿದರು. ಆಂಜಿನಪ್ಪ ಅಲ್ಲೇ “ಅಯ್ಯೋ ನನ್ ಮಗ್ಳೇ” ಎಂದು ಟೇಬಲ್ಲಿನ ಮೇಲೆ ತಲೆಯಿಟ್ಟ. ಹಣೆಯ ಕೆಳಗೆ ಸ್ಟಾಂಪ್ ಪ್ಯಾಡ್ ಇತ್ತು. “ಆದ್ರೆ ಊರನ್ನ ದತ್ತು ತಗೊಳೋದು ದತ್ತೇ ಅಲ್ಲ ಕಣ್ರೀ, ಅದು ಬರೀ ಮಾತು” ಎಂದು ಅವರು ಮುಂದುವರಿಸಿದ್ದು ಅವನಿಗೆ ಕೇಳಿಸಲಿಲ್ಲ. ನಾನು ಕೇಳಿಸಿಕೊಂಡು ಹೋಗಿ ಅಕ್ಕಯ್ಯಮ್ಮನಿಗೆ ಹೇಳಿದೆ. “ಲಾಯರಿಗೆ ವರಸೆ ಏನ್ ಗೊತ್ತು? ಅವ್ನು ಯಾವೂರೋನು?” ಎಂದಳು. ದಾವಣಗೆರೆ ಕಡೆಯವರು ಎಂದೆ. “ಮತ್ತೆ?” ಎಂದಳು. ಮುಗಿಯಿತು.

ಉಳಿದದ್ದು ವಿಶ್ವವಿದ್ಯಾಲಯ. ಹಣೆಯ ನೀಲಿ ಇನ್ನೂ ಹೋಗಿರಲಿಲ್ಲ, ಆಂಜಿನಪ್ಪ ಓಡಿದ. ಯೋಗಾನಂದರು ಹೊಸದಾಗಿ ಮಾಡಿಸಿದ ಗೊಬ್ಬರದ ಗುಂಡಿಯ ಪಕ್ಕ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಮೂಗಿನ ಜೊತೆ ಕಿವಿಯೂ ಅರ್ಧ ಮುಚ್ಚಿತ್ತೆಂದು ಕಾಣುತ್ತದೆ.

“ಸಾರ್, ನಮ್ಮನ್ನ ದತ್ತಿಂದ ಬಿಡಿಸ್ಬಿಡಿ. ಅಟ್ಟೂರವ್ರು ಮಗಳ ಮದ್ವೆ ನಿಲ್ಲಿಸ್ಬಿಟ್ರು.”

“ಯಾಕೆ? ಜಾತಿ ವಿಚಾರನಾ?”

“ಅಲ್ಲ ಸಾರ್, ಅಣ್ಣ ತಂಗಿ ವಿಚಾರ.”

“ಅಣ್ಣ ತಂಗೀರ ಥರ ಬಾಳ್ತಿಲ್ವಾ ಎರಡೂ ಊರು? ಛೆ ಛೆ. ಸಾಮರಸ್ಯದ ಕೊರತೆ.”

“ಸಾರ್, ಹಾಗೆ ಬಾಳ್ಬೇಕಾಗಿ ಬಂದಿರೋದೇ ಕಷ್ಟ!”

“ಅರ್ಥ ಆಯ್ತು, ಅರ್ಥ ಆಯ್ತು” ಎಂದು ಯೋಗಾನಂದರು ತಲೆಯಾಡಿಸಿದರು. “ದತ್ತು ಬಿಡೋ ಮಾತೇ ಇಲ್ಲ, ಸಮಿತಿ ಬರೋ ವಾರ ಬರ್ತಿದೆ. ನೀವು ನಿಶ್ಚಿಂತೆಯಿಂದ ಹೋಗಿ. ಅಟ್ಟೂರಲ್ಲಿ ಒಂದು ಬೀದಿ ನಾಟಕ ಮಾಡಿಸ್ತೀನಿ.”

ಮಾಡಿಸಿದರು. ಅಕ್ಕಯ್ಯಮ್ಮನ ಮನೆ ಮುಂದೆಯೇ, ಆ ಫ್ಲೆಕ್ಸಿನ ಕೆಳಗೇ. ಹಸಿರು ಅಂಗಿಯ ಹುಡುಗ ಹುಡುಗಿಯರು ತಮಟೆ ಬಡಿಯುತ್ತಾ ಕುಣಿದರು.

“ಹಸಿ ಕಸ ಒಣ ಕಸ ಬೇರೆ ಬೇರೆ,
ಅಣ್ಣ ತಂಗಿ ನಾವೆಲ್ಲ ಒಂದೇ ಮರದ ಬೇರೇ!”

ಊರವರಿಗೆ ಹಾಡು ಹಿಡಿಸಿತು. ಅಕ್ಕಯ್ಯಮ್ಮ ಜಗಲಿಯ ಮೇಲೆ ಕೂತು, “ನೋಡಿದ್ರಾ? ಓದ್ದೋರೇ ಯೋಳ್ತಾವ್ರೆ” ಎಂದಳು. ನಾನು, ಆಂಜಿನಪ್ಪ, ಧನಲಕ್ಷ್ಮಿ ಮೂವರೂ ಹಿಂದೆ ನಿಂತಿದ್ದೆವು. ನಾಟಕ ಅಲ್ಲಿಗೇ ನಿಲ್ಲಲಿಲ್ಲ. ಕೊನೆಯಲ್ಲಿ ಒಬ್ಬ ಹುಡುಗಿ ಬುಟ್ಟಿಯೊಂದನ್ನು ಎತ್ತಿ ಹಿಡಿದಳು. ಮಣ್ಣಲ್ಲಿ ಹೂತರೆ ಗಿಡವಾಗುವಂಥ ಬೀಜದ ರಾಖಿಗಳಂತೆ. ಪರಿಸರ ಮತ್ತು ಸಾಮರಸ್ಯ ಎರಡಕ್ಕೂ ಒಟ್ಟಿಗೇ ಅಂಕ. “ಕೊಡಿಗೇಹಳ್ಳಿಯ ಸೋದರಿಯರು ಅಟ್ಟೂರಿನ ಸೋದರರಿಗೆ ಕಟ್ಟಬೇಕು. ಅಕ್ಕಾ, ನೀವು ಕೊಡಿಗೇಹಳ್ಳಿಯವರಲ್ವಾ? ಬನ್ನಿ ಬನ್ನಿ” ಎಂದು ಧನಲಕ್ಷ್ಮಿಯ ಕೈಗೆ ಒಂದು ರಾಖಿ ತುರುಕಿ, ಗಿರಿಯ ಮುಂದೆ ತಂದು ನಿಲ್ಲಿಸಿದರು. ತಮಟೆ ಜೋರಾಯಿತು. ಜನ ಚಪ್ಪಾಳೆ ತಟ್ಟಿದರು.

ಗಿರಿ ಮಾತು ಕಡಿಮೆಯ ಹುಡುಗ. ಎರಡೂ ಕೈ ಕಂಕುಳಲ್ಲಿ ಸೇರಿಸಿಕೊಂಡು, ಪಕ್ಕದ ಮನೆಯ ಕಾಂಪೌಂಡು ಹಾರಿ, ಅವರ ಕೋಳಿಗಳನ್ನೆಲ್ಲ ಎಬ್ಬಿಸಿಕೊಂಡು ಅನಂತಪುರ ರಸ್ತೆಯ ಕಡೆ ಓಡಿದ. ಸದ್ಯ! ಒಂದು ಗಂಟು ಬಿದ್ದಿದ್ದರೆ ಎಲ್ಲಾ ಮುಗಿದಿತ್ತು. ಅಕ್ಕಯ್ಯಮ್ಮ ಕೂಡ ಆ ಹೊತ್ತಿಗೆ ಉಸಿರು ಬಿಗಿಹಿಡಿದಿದ್ದನ್ನು ನಾನು ಕಣ್ಣಾರೆ ನೋಡಿದೆ.

ವಾಪಸ್ ಬರುವಾಗ ಆಟೋದಲ್ಲಿ ಧನಲಕ್ಷ್ಮಿ ರಾಖಿಯನ್ನು ಅಪ್ಪನ ಕೈಗಿಟ್ಟಳು. “ಅಪ್ಪಾ, ನಿಂಗೆ ಶಾಲು ಬೇಕಿತ್ತು, ಸಿಕ್ತು. ನಂಗೆ ಅಣ್ಣ ಬೇಕಿರ್ಲಿಲ್ಲ” ಎಂದಳು. ಅಷ್ಟೆ. ಆ ಸಂಜೆ ಆಂಜಿನಪ್ಪ ಎರಡೂ ಶಾಲು ತಂದು ನನ್ನ ಗಿರಣಿಯಲ್ಲಿ ಬಿಸಾಕಿ, “ಮಿಷನ್ ಒರೆಸ್ಕೊಳೋ ಕೇಶವ” ಎಂದು ಅತ್ತೇಬಿಟ್ಟ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಚುನಾವಣೆಯಲ್ಲಿ ಸೋತಾಗ ಕೂಡ ಅವನು ನಕ್ಕಿದ್ದ.

ಸಮಿತಿ ಬಂತು. ನಮ್ಮೂರಿನ ಅಶ್ವತ್ಥಕಟ್ಟೆಯ ಸುತ್ತ ಶಾಮಿಯಾನ ಹಾಕಿ, ಎರಡೂ ಊರಿನ ಹಿರಿಯರನ್ನು ಕೂರಿಸಿದ್ದರು. ಅಕ್ಕಯ್ಯಮ್ಮ ಬರುವುದಿಲ್ಲ ಎಂದಿದ್ದಳು. ಗಿರಿ ಮೂರು ದಿನ ಊಟ ಬಿಟ್ಟು ಕರೆತಂದಿದ್ದ. ಮಧ್ಯದಲ್ಲಿ ಕುಂಡದಲ್ಲಿ ಎರಡು ಹೊಂಗೆ ಸಸಿ, ಒಂದಕ್ಕೆ ‘ಕೊಡಿಗೇಹಳ್ಳಿ’ ಎಂಬ ಚೀಟಿ, ಇನ್ನೊಂದಕ್ಕೆ ‘ಅಟ್ಟೂರು’. ಸಮಿತಿಯ ಅಧ್ಯಕ್ಷರು ಬಿಳಿ ತಲೆಯ ಉತ್ತರದ ಕಡೆಯವರು, ಕನ್ನಡ ಬಾರದು. ಯೋಗಾನಂದರೇ ಅನುವಾದಕರು.

ಅಧ್ಯಕ್ಷರು ಆಂಜಿನಪ್ಪನನ್ನು ನೋಡಿ ಏನೋ ಕೇಳಿದರು. “ದತ್ತಾದ ಮೇಲೆ ಏನು ಬದಲಾವಣೆ ಆಗಿದೆ ಅಂತ ಕೇಳ್ತಿದ್ದಾರೆ. ಹೇಳಿ, ಹೇಳಿಕೊಟ್ಟಿದ್ದೀನಲ್ಲ” ಎಂದರು ಯೋಗಾನಂದರು.

ಹೇಳಿಕೊಟ್ಟ ಪಾಠ ‘ಊರು ನಂದನವನವಾಗಿದೆ’ ಎಂದು ಶುರುವಾಗುತ್ತಿತ್ತು. ಆಂಜಿನಪ್ಪ ಎದ್ದು ಕೈಮುಗಿದ. “ಸ್ವಾಮೀ, ನಂಗೆ ಶಾಲು ಬೇಡ, ಫೋಟೋ ಬೇಡ. ದತ್ತು ವಾಪಸ್ ತಗೊಳ್ಳಿ. ನನ್ ಮಗಳ ಮದ್ವೆ ನಿಂತೋಗಿದೆ. ತಪ್ಪೆಲ್ಲ ನಂದೇ” ಎಂದು ಗಳಗಳ ಅತ್ತ.

“ಏನಂತೆ?” ಎಂಬಂತೆ ಅಧ್ಯಕ್ಷರು ತಿರುಗಿದರು. ಯೋಗಾನಂದರು ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ, ದತ್ತು ಹೋದ ಸಂತೋಷಕ್ಕೆ ಇವರಿಗೆ ಮಾತೇ ಹೊರಡುತ್ತಿಲ್ಲ ಎಂದರು. ಅಧ್ಯಕ್ಷರು ಕರಗಿ ಆಂಜಿನಪ್ಪನ ಬೆನ್ನು ತಟ್ಟಿದರು. ಯೋಗಾನಂದರು ಬೆವರು ಒರೆಸಿಕೊಂಡು, ವಿಷಯ ಬದಲಿಸಲು ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಮಹಿಳೆಯನ್ನು ತೋರಿಸಿ, ಊರವರಿಗೂ ಕೇಳುವಂತೆ ಕನ್ನಡದಲ್ಲೇ, “ಇವರು ಪದ್ಮಶ್ರೀ ಮೇಡಂ. ನಮ್ಮ ಸಹೋದರಿ ಸಂಸ್ಥೆಯಾದ ಮಹಿಳಾ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರು” ಎಂದರು.

ಅಕ್ಕಯ್ಯಮ್ಮ ತೂಕಡಿಸುತ್ತಿದ್ದಳು. ತಟ್ಟನೆ ಕಣ್ಣು ಬಿಟ್ಟಳು.

“ಯಾರು? ಸೋದ್ರೀನಾ? ಯಾರ್ಗೆ?”

“ನಮ್ಮ ವಿಶ್ವವಿದ್ಯಾಲಯಕ್ಕಮ್ಮ.”

“ಒಡುಟ್ಟಿದ್ದಾ?”

ಯೋಗಾನಂದರು ತಲೆ ಕೆರೆದುಕೊಂಡರು. “ಒಂದೇ ಟ್ರಸ್ಟಿನಿಂದ ಹುಟ್ಟಿದ್ದು.”

ಅಜ್ಜಿ ಎದ್ದು ನಿಂತಳು. ಬೆರಳು ಮಡಿಸಿ ಬಿಡಿಸಿ ಏನೋ ಲೆಕ್ಕ ಹಾಕುತ್ತಿದ್ದಳು. ಸೊಣ್ಣಮ್ಮ ನನ್ನ ಹೆಂಡತಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಮೇಷ್ಟ್ರೇ, ಒಂದ್ ಮಾತು ಯೋಳಿ. ಈ ನಿಮ್ ಇಸ್ವಇದ್ಯಾಲಯ ಗಂಡೋ ಎಣ್ಣೋ?”

ಯೋಗಾನಂದರು ಯೋಚಿಸಿದರು. ಓದಿದವರು, ತಪ್ಪು ಹೇಳಬಾರದು. “ವ್ಯಾಕರಣದ ಪ್ರಕಾರ ನಪುಂಸಕಲಿಂಗ...”

“ಅಯ್ಯೋ ರಾಮ! ಸರಿಯಾಗ್ ಯೋಳಿ. ಎಣ್ಣಾದ್ರೆ ಇದೂ ಆ ಕಾಲೇಜೂ ಅಕ್ಕ ತಂಗಿ ಆಯ್ತವೆ. ಅಕ್ಕ ತಂಗಿ ಮಕ್ಳು ಮತ್ತೆ ಅಣ್ಣ ತಂಗೀನೇಯ, ಕೆಡ್ತು. ಗಂಡಾದ್ರೆ ಬ್ಯಾರೆ ಮಾತು.”

ಆಗ ನನ್ನ ಬಾಯಿಂದ ಮಾತು ಹೊರಟಿತು. ಹಜಾರದ ನೆಲದ ಮೇಲೆ ಮಲಗಿ ಮಲಗಿ ನನ್ನ ಸೊಂಟ ಹಿಡಿದಿತ್ತು, ಅದೇ ಹೇಳಿಸಿತೋ ಏನೋ. “ಅಜ್ಜೀ, ಗಂಡು! ಗೇಟಲ್ಲಿ ಕಟ್ಟಿಸಿದವ್ರ ಪ್ರತಿಮೆ ಐತೆ. ಇಷ್ಟುದ್ದ ಮೀಸೆ!” ಎಂದು ಗಿರಣಿಯ ಗಂಟಲಲ್ಲಿ ಕೂಗಿದೆ.

“ಮೀಸೆ ಐತಾ?” ಎಂದಳು ಅಜ್ಜಿ, ಗಿರಿಯ ಕಡೆ ತಿರುಗಿ.

ಗಿರಿ ಆ ದಿನ ಮೊದಲ ಸಲ ಬಾಯಿ ಬಿಟ್ಟ. “ಗಿರಿಜಾ ಮೀಸೆ ಅಜ್ಜಿ! ನಾನೇ ನೋಡಿದೀನಿ, ಅವ್ರ ಆಫೀಸಿನ ಎ.ಸಿ. ರಿಪೇರಿ ನಂದೇ!”

ಅಜ್ಜಿಯ ಮುಖ ಅರಳಿತು. “ಅಂಗಾರೆ ಕೇಳ್ರಪ್ಪಾ. ಕೊಡಿಗೇಹಳ್ಳಿ ಅಣ್ಣನ ಮನೇಲೇ ಇರ್ಲಿ. ನಮ್ಮ ಅಟ್ಟೂರು ತಂಗಿ ಮನೆಗೋಗ್ಲಿ. ಆಗ ಧನಲಕ್ಷ್ಮಿ ಅಣ್ಣನ ಮಗ್ಳು, ಗಿರಿ ತಂಗಿ ಮಗ. ಸೋದರತ್ತೆ ಮಗ! ಇದಕ್ಕಿಂತ ಒಳ್ಳೆ ವರಸೆ ಎಲ್ಲೈತೆ?”

“ಆದ್ರೆ ಅಮ್ಮಾ, ಅಟ್ಟೂರನ್ನ ಆಗ್ಲೇ ನಾವು ದತ್ತು...” ಎಂದು ಯೋಗಾನಂದರು ಕೈಯೆತ್ತಿದರು.

“ನೀವು ತಗಂಡ್ರಿ. ಕೊಟ್ಟೋರ್ಯಾರು? ಮಡ್ಲಿಗಾಕ್ದೆ ಎಂಥಾ ದತ್ತು? ಅಟ್ಟೂರು ಶಾಲು ಒದ್ದೋನು ಕೊಡಿಗೇಹಳ್ಳಿಯೋನು. ನಮ್ಮೂರ್ನ ಕೊಡಕ್ಕೆ ಅವ್ನ್ಯಾರು? ಇದ್ ನಂಗೆ ಮೊದ್ಲೇ ಒಳೀಲಿಲ್ವಲ್ಲ, ಥೂ ನನ್ ಬುದ್ಧಿಗೆ!”

ಹೇಳುತ್ತಲೇ ಅಜ್ಜಿ ಸಸಿಗಳ ಬಳಿ ನಡೆದಳು. ಯಾವುದು ಅಟ್ಟೂರಿನದು ಎಂದು ಗಿರಿ ತೋರಿಸಿದ. ಹೊಂಗೆ ಸಸಿಯನ್ನು ಕುಂಡ ಸಮೇತ ಎತ್ತಿ ತಂದು ಪದ್ಮಶ್ರೀ ಮೇಡಮ್ಮಿನ ಮಡಿಲಲ್ಲಿ ಇಟ್ಟೇಬಿಟ್ಟಳು. “ತಗಾ ತಾಯಿ, ಇವತ್ತಿಂದ ನಿನ್ ಮಗ. ನೀರು ನಿಡಿ ನೋಡ್ಕೋ. ಒಣಗ್ಸಿದ್ರೆ ನಾನೇ ಬಂದು ಕೇಳ್ತೀನಿ” ಎಂದು ಆಕೆಯ ಹಣೆಗೆ ಕುಂಕುಮವನ್ನೂ ಇಟ್ಟಳು. ರೇಷ್ಮೆ ಸೀರೆಯ ಮೇಲೆ ಕೆಮ್ಮಣ್ಣು ಸುರಿಯಿತು. ಮೇಡಂ ಗಾಬರಿಯಾಗಿ ಸುತ್ತ ನೋಡಿದರು. ಅಷ್ಟೂ ಹೆಂಗಸರು ತಮ್ಮನ್ನೇ ನೋಡುತ್ತಿದ್ದಾರೆ, ಹಿಂದೆ ಧನಲಕ್ಷ್ಮಿ ಕೈಜೋಡಿಸಿ ನಿಂತಿದ್ದಾಳೆ. ಏನು ಅರ್ಥವಾಯಿತೋ ಆ ಮಹಾತಾಯಿಗೆ, ಕುಂಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, “ಆಗ್ಲಿ ಅಜ್ಜಿ, ನೋಡ್ಕೋತೀನಿ” ಎಂದರು.

ಸೊಣ್ಣಮ್ಮ “ಅಬ್ಬಾ, ನಮ್ಮಪ್ಪಾ” ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಆಂಜಿನಪ್ಪ ಹೋಗಿ ಅಕ್ಕಯ್ಯಮ್ಮನ ಕಾಲಿಗೆ ಬಿದ್ದ. ಅಜ್ಜಿ ಅವನ ತಲೆಗೆ ಮೊಟಕಿ, “ಏಳ್ಲಾ ಮೇಲೆ. ನಂಗೇನು ಸುಖ ಆಗಿತ್ತಾ? ಆ ಉಡ್ಗ ಅನ್ನ ಬಿಟ್ರೆ ನನ್ ಗಂಟ್ಲಾಗಿಳೀತದಾ? ಇಷ್ಟ್ ದಿವ್ಸ ದಾರಿ ಕಾಣ್ದೆ ಒದ್ದಾಡ್ಬುಟ್ಟೆ” ಎಂದು ತಾನೂ ಅತ್ತಳು. ಶಾಮಿಯಾನದ ಕಂಬದ ಹಿಂದೆ ಗಿರಿಯೂ ಧನಲಕ್ಷ್ಮಿಯೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಗಿರಿಯ ಕೈಗಳು ಈಗ ಕಂಕುಳಿಂದ ಹೊರಗೆ ಬಂದಿದ್ದವು.

ಅಧ್ಯಕ್ಷರು ಬೆರಗಾಗಿ ಯೋಗಾನಂದರ ತೋಳು ತಟ್ಟಿ ಏನಿದು ಎಂದು ಕೇಳಿದರು. ಯೋಗಾನಂದರು ಮತ್ತೆ ಬೆವರು ಒರೆಸಿಕೊಂಡರು. ಆಮೇಲೆ, “ಇಲ್ಲಿಯ ಜನ ತಾವಾಗಿಯೇ ತಮ್ಮ ಊರನ್ನು, ಗಿಡವನ್ನು ಸಂಸ್ಥೆಯ ಮಡಿಲಿಗೆ ಒಪ್ಪಿಸುತ್ತಿದ್ದಾರೆ” ಎಂದರು. ನಾನು ಕಂಡಂತೆ ಅವರು ಅವತ್ತು ಮಾಡಿದ ಅನುವಾದಗಳಲ್ಲಿ ನಿಜಕ್ಕೆ ಹತ್ತಿರವಾದದ್ದು ಅದೊಂದೇ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಊರೂರು ಸುತ್ತಿದ್ದೇನೆ, ದತ್ತನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡ ಜನರನ್ನು ನೋಡಿಲ್ಲ ಎಂದರಂತೆ. ಹೊಣೆಗಾರಿಕೆಗೆ ಪೂರ್ತಿ ಅಂಕ ಬಿತ್ತು. ಪರಿಸರಕ್ಕೆ ಸ್ವಲ್ಪ ಕಡಿಮೆ, ಗೊಬ್ಬರದ ಗುಂಡಿಯ ವಾಸನೆ ಅವರಿಗೂ ಹೊಡೆದಿತ್ತು.

ಮದುವೆ ಗೊತ್ತಾದ ದಿನಕ್ಕೇ ನಡೆಯಿತು. ಛತ್ರದಲ್ಲಿ ಒಂದು ಪ್ಲಾಸ್ಟಿಕ್ ಲೋಟವಿರಲಿಲ್ಲ. ಬಾಳೆ ಎಲೆ, ಸ್ಟೀಲ್ ಲೋಟ, ತಾಂಬೂಲದ ಜೊತೆ ಒಂದೊಂದು ಹೊಂಗೆ ಸಸಿ. ಪದ್ಮಶ್ರೀ ಮೇಡಂ ಗಂಡಿನ ಕಡೆ ತಾಯಿಯ ಸಾಲಿನಲ್ಲಿ, ಯೋಗಾನಂದರು ಹೆಣ್ಣಿನ ಕಡೆ. ಅಕ್ಕಯ್ಯಮ್ಮ ಅವರಿಬ್ಬರಿಂದಲೂ ಪರಸ್ಪರ ‘ಬೀಗರೇ’ ಎಂದು ಕರೆಸಿಯೇ ಊಟಕ್ಕೆ ಬಿಟ್ಟಳು. ಅಣ್ಣ ತಂಗಿ ಬೀಗರಾಗುವುದು ನಮ್ಮ ಕಡೆ ಹೊಸದೇನಲ್ಲ. ಫ್ಲೆಕ್ಸುಗಳಲ್ಲಿ ಒಂದು ಈಗ ಸೋರುತ್ತಿದ್ದ ನನ್ನ ಗಿರಣಿಯ ಸೂರಿನ ಮೇಲಿದೆ. ಮಳೆ ಬಂದಾಗ ಎರಡು ಶಾಲಿನ ಆಂಜಿನಪ್ಪನೇ ನಮ್ಮೂರಿನ ಹಿಟ್ಟು ಕಾಯುತ್ತಾನೆ.

ಧಾರೆಯಾದ ಮೇಲೆ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಶಾಲು ತಂದರು. ಆಂಜಿನಪ್ಪನ ಕತ್ತು ಅಭ್ಯಾಸಬಲದಿಂದ ಬಗ್ಗಿತು, ಮರುಕ್ಷಣ ನೆಟ್ಟಗಾಯಿತು. ಕಳ್ಳನ ಹಾಗೆ ಮಗಳ ಕಡೆ ನೋಡಿದ. ಧನಲಕ್ಷ್ಮಿ ಬಾಸಿಂಗದ ಮರೆಯಿಂದ ನಕ್ಕು, “ಹೊದ್ಕೊಳಪ್ಪ, ಇದು ನಿಂದೇ” ಎಂದಳು.

ರಾತ್ರಿ ಮನೆಗೆ ಬಂದು ನಾನು ಎಂದಿನಂತೆ ಹಜಾರದಲ್ಲಿ ಚಾಪೆ ಬಿಡಿಸುತ್ತಿದ್ದೆ. ಕೊಡಿಗೇಹಳ್ಳಿಯವನು ಅಣ್ಣನ ಮಗ, ಅಟ್ಟೂರಿನವಳು ತಂಗಿಯ ಮಗಳು ಎಂಬ ಲೆಕ್ಕ ನನಗಿನ್ನೂ ಹೊಳೆದಿರಲಿಲ್ಲ. ಒಳಗಿನಿಂದ ಕಲಾವತಿಯ ದನಿ ಬಂತು.

“ಬಾವಾ, ಅಲ್ಲೇನ್ ಮಾಡ್ತಿದೀರಾ? ಒಳಗ್ ಬನ್ನಿ.”

ಚಾಪೆ ಇದ್ದಲ್ಲೇ ಬಿಟ್ಟೆ.